ಪಟ್ಟಿಯಲ್ಲಿಲ್ಲದ ಮನೆಗಳು

ಹೆಸರು ಹಾಕಬೇಡ ಎಂದಿದ್ದಾರೆ. "ಹೆಸರು ಹಾಕಿದ್ರೆ ಪುಕ್ಕಟೆ ಜಾಹೀರಾತು ಆಗ್ತದೆ ಮಾರಾಯ. ಇಷ್ಟು ವರ್ಷ ಬೇರೆಯವರದ್ದು ಕೂಗಿದವ, ಈಗ ನನ್ನದನ್ನ ನಾನೇ ಕೂಗಿಕೊಂಡ ಹಾಗಾಗ್ತದೆ." ಆದ್ದರಿಂದ ಅವರನ್ನು ಮೈಕಿನವರು ಎಂದೇ ಕರೆಯುತ್ತೇನೆ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಮೂರೂ ತಾಲ್ಲೂಕಿನಲ್ಲಿ ಅಷ್ಟು ಹೇಳಿದರೆ ಸಾಕು. ಆಟೋದ ತಲೆಯ ಮೇಲೆ ಎರಡು ಸ್ಪೀಕರ್ ಹಾರ್ನ್ ಕಟ್ಟಿಕೊಂಡು, ಬಟ್ಟೆ ಅಂಗಡಿಯ ರಿಯಾಯಿತಿಯಿಂದ ಹಿಡಿದು ಕರೆಂಟು ತೆಗೆಯುವ ದಿನದವರೆಗೆ ಎಲ್ಲವನ್ನೂ ಊರೂರಿಗೆ ಕೂಗಿ ಹೇಳುತ್ತಿದ್ದವರು ಅವರು. ಕಳೆದ ತಿಂಗಳು ಆ ಹಾರ್ನ್‌ಗಳನ್ನು ಕೆಳಗಿಳಿಸಿದರು. ಗಂಟಲು ಸಾಕು ಎಂದಿತಂತೆ. ಹೆಂಡತಿ ಅದನ್ನು ಹತ್ತು ವರ್ಷದಿಂದ ಹೇಳುತ್ತಿದ್ದರಂತೆ, ಆದರೆ ಗಂಟಲು ಹೇಳಿದ್ದು ಇದೇ ಮೊದಲಂತೆ.

ಸಂಖ್ಯಾಶಾಸ್ತ್ರ ಓದಿದವರಿಗೆ ಒಂದು ಚಾಳಿ ಅಂಟಿಕೊಳ್ಳುತ್ತದೆ. ಯಾರು ಏನು ಹೇಳಿದರೂ ಆಧಾರ ಕೇಳುವುದು. ನನ್ನ ನೆನಪನ್ನೂ ನಾನು ಹಾಗೇ ಕೇಳುತ್ತೇನೆ, ಅದು ಬಹಳ ಸಲ ತಡವರಿಸುತ್ತದೆ. ಮೈಕಿನವರ ವಿಷಯದಲ್ಲಿ ಎಷ್ಟು ನಡೆದದ್ದು, ಎಷ್ಟು ನಾನೇ ನಾಲ್ಕು ಜನರಿಗೆ ಹೇಳಿ ಹೇಳಿ ನುಣುಪು ಮಾಡಿದ್ದು ಎಂದು ಪ್ರಮಾಣ ಮಾಡಿ ಹೇಳಲಾರೆ. ಅವರ ಪರಿಚಯವಾದಾಗ ನಾನು ಕೊಪ್ಪದ ಕಾಲೇಜೊಂದರಲ್ಲಿ ಅರೆಕಾಲಿಕ ಉಪನ್ಯಾಸಕ. ನಾಲ್ಕು ವರ್ಷದಲ್ಲಿ ಅದು ನನ್ನ ಮೂರನೆಯ ಕೆಲಸ. ಮಧ್ಯಾಹ್ನ ಮಾಡಲು ಏನೂ ಇಲ್ಲದೆ ಅವರ ಕರಪತ್ರಗಳಿಗೆ ಒಕ್ಕಣೆ ಬರೆದುಕೊಡುತ್ತಿದ್ದೆ. ಅವರು ಅದರಲ್ಲಿ ಅರ್ಧ ಹೊಡೆದುಹಾಕುತ್ತಿದ್ದರು.

ಮುಖ್ಯವಾಗಿ ಹೊಡೆದುಹಾಕುತ್ತಿದ್ದದ್ದು ಸುಳ್ಳುಗಳನ್ನು. ಬಟ್ಟೆ ಅಂಗಡಿಯವರು "ಇಂದೇ ಕೊನೆಯ ದಿನ" ಎಂದು ಕೂಗಲು ಹೇಳಿದರೆ, ನಿಜವಾಗಿ ಕೊನೆಯ ದಿನವೇ ಹೌದೇ ಎಂದು ಎರಡು ಸಲ ಕೇಳುತ್ತಿದ್ದರು. ಅಲ್ಲ, ಸುಮ್ಮನೆ ಹಾಗೆ ಹೇಳುವುದು ಎಂದರೆ ಒಪ್ಪುತ್ತಿರಲಿಲ್ಲ. ನಾಳೆಯೂ ಇದೇ ರಸ್ತೆಯಲ್ಲಿ ಹೋಗಬೇಕಾದವನು ನಾನೇ ಅಲ್ಲವೇ ಎನ್ನುವುದು ಅವರ ವಾದ. ಒಮ್ಮೆ ಒಬ್ಬ ಅಂಗಡಿಯವ ಪಟ್ಟು ಹಿಡಿದಾಗ, "ಇನ್ನೂ ನಾಲ್ಕು ದಿನ ಇದೆ, ಅವಸರ ಮಾಡ್ಬೇಡಿ, ಆದ್ರೆ ಮರೀಬೇಡಿ" ಎಂದು ಕೂಗಿ ಬಂದರು. ಅಂಗಡಿಯವನಿಗೆ ಸಿಟ್ಟು ಬಂತು, ಆದರೆ ಜನವೂ ಬಂತು.

ಮೈಕ್ ಸರಿಯಿದೆಯೇ ಎಂದು ನೋಡಲು ಎಲ್ಲರೂ ಹಲೋ ಹಲೋ ಎನ್ನುತ್ತಾರೆ. ಇವರು ಬಸ್ಸಿನ ಸುದ್ದಿ ಹೇಳುತ್ತಿದ್ದರು. ಬಾಳೆಹೊನ್ನೂರಿನ ಬಸ್ಸು ಇವತ್ತು ಕಾಲು ಗಂಟೆ ತಡ, ಟಯರು ಬದಲಿಸ್ತಾ ಇದ್ದಾರೆ, ಎಂದು. ಹೇಗೂ ಕರೆಂಟು ಖರ್ಚಾಗುತ್ತದೆ, ಯಾರಿಗಾದರೂ ಉಪಯೋಗಕ್ಕೆ ಬರಲಿ ಎನ್ನುವ ಲೆಕ್ಕ. ಶೃಂಗೇರಿ ಪೇಟೆಯಲ್ಲಿ ಮಾತ್ರ ದನಿ ಅರ್ಧಕ್ಕೆ ಇಳಿಸುತ್ತಿದ್ದರು. ಅಲ್ಲಿಗೆ ಬಂದ ಯಾತ್ರಿಕರು ಬೇರೆ ಏನೋ ಕೇಳಲು ಬಂದವರು, ಅವರ ಕಿವಿಗೆ ಪ್ರೆಶರ್ ಕುಕ್ಕರ್ ತುಂಬುವುದು ಮರ್ಯಾದೆಯಲ್ಲ ಎನ್ನುತ್ತಿದ್ದರು.

ಇನ್ನೊಂದು ಪದ್ಧತಿಯನ್ನು ಹೇಳಲೇಬೇಕು. ಯಾವ ಊರಿಗೆ ಹೋಗುವುದಿದ್ದರೂ ಮೊದಲು ಅಲ್ಲಿಯ ಹಾಲಿನ ಡೈರಿಯ ಮುಂದೆ ಆಟೋ ನಿಲ್ಲಿಸಿ, ಯಾರ ಮನೆಯಲ್ಲಾದರೂ ಸಾವು ನೋವು ಇದೆಯೇ ಎಂದು ವಿಚಾರಿಸುತ್ತಿದ್ದರು. ಇದ್ದರೆ ಆ ಮನೆ ದಾಟುವವರೆಗೆ ಮೈಕ್ ಬಂದ್. ಹದಿಮೂರು ದಿನ ಕಳೆದ ಮೇಲೆ ಆ ದಾರಿಯಲ್ಲಿ ಹೋದಾಗ ಇಳಿದು, ಒಳಗೆ ಕೂತು, ಇಷ್ಟು ದಿನದಲ್ಲಿ ಏನೇನು ಕೂಗಿದೆ ಎಂದು ಮೆಲ್ಲಗೆ ಹೇಳಿ ಬರುತ್ತಿದ್ದರು. ಅವರಿಗೆ ಮಾತ್ರ ಗೊತ್ತಾಗದೆ ಹೋಗಬಾರದು ಎಂದು. ನಾನು ಇದನ್ನು ಕಣ್ಣಾರೆ ನೋಡಿದ್ದು ಒಂದೇ ಸಲ. ಉಳಿದದ್ದು ಬೇರೆಯವರು ಹೇಳಿದ್ದು. ಆದರೆ ಹೇಳಿದವರು ಬಹಳ.

ಅವರಿಗೆ ಕಾಯಂ ಎಂದು ಇದ್ದ ಕೆಲಸ ಒಂದೇ. ಕಳೆ ಹೊಡೆಯುವ ಮಿಷನ್ ಮಾಡುವ ಒಂದು ಕಂಪನಿಯದು. ಹೆಗಲಿಗೆ ಹಾಕಿಕೊಂಡು, ತುದಿಯಲ್ಲಿ ತಿರುಗುವ ಬ್ಲೇಡಿನಿಂದ ಹುಲ್ಲು ಕತ್ತರಿಸುವ ಪೆಟ್ರೋಲ್ ಯಂತ್ರ ಅದು. ಆಗ ನಮ್ಮ ಕಡೆಗೆ ಹೊಸತು. ವರ್ಷಕ್ಕೆ ಇಷ್ಟು ಊರು, ಇಷ್ಟು ಸುತ್ತು ಎಂದು ಒಪ್ಪಂದ. ಉಳಿದ ಕೂಗೆಲ್ಲ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಮನೆ ನಡೆಯುತ್ತಿದ್ದದ್ದು ಈ ಮಿಷನ್‌ನಿಂದ.

ಒಂದು ದಿನ ಕಂಪನಿಯ ಏರಿಯಾ ಮ್ಯಾನೇಜರ್ ಶಿವಮೊಗ್ಗದಿಂದ ಬಂದ. ಒಳ್ಳೆಯ ಹುಡುಗ, ನನಗಿಂತ ಚಿಕ್ಕವನು. ವಿಷಯವನ್ನು ಸುತ್ತಿ ಬಳಸದೆ ಹೇಳಿದ. ಮುಂದಿನ ವರ್ಷದಿಂದ ಆಟೋ ಬೇಡ, ಮೊಬೈಲಿಗೆ ಸಂದೇಶ ಕಳಿಸುತ್ತೇವೆ ಎಂದು ಮೇಲಿನವರು ಯೋಚಿಸುತ್ತಿದ್ದಾರೆ. ನರಸಿಂಹರಾಜಪುರದಲ್ಲಿ ಒಂದು ಡೆಮೊ ಇಡುತ್ತೇವೆ, ಮಿಷನ್ ಓಡಿಸಿ ತೋರಿಸುವುದು. ನಾನೇ ಬಂದು ನೋಡುತ್ತೇನೆ. ಜನ ಬಂದರೆ ನಿಮ್ಮ ಪರ ಮಾತಾಡುತ್ತೇನೆ, ಬರದಿದ್ದರೆ ನನ್ನ ಕೈಯಲ್ಲಿ ಏನೂ ಇಲ್ಲ. ಹೀಗೆ ಹೇಳಿ, ಸಮಾಧಾನಕ್ಕೋ ಏನೋ, ಬೆಂಗಳೂರಿನಲ್ಲಿ ನಡೆಯಲಿದ್ದ ಜಾಹೀರಾತು ತಂತ್ರಜ್ಞಾನದ ಸಮ್ಮೇಳನದ ಎರಡು ಪಾಸು ಕೊಟ್ಟ. ಅವರ ಆಫೀಸಿನಲ್ಲಿ ಹೋಗುವವರು ಯಾರೂ ಇರಲಿಲ್ಲ. ಹೊಸ ಕಾಲ ಎತ್ತ ಹೋಗುತ್ತಿದೆ ಎಂದು ನೋಡಿ ಬನ್ನಿ ಎಂದ.

ಇಂಗ್ಲಿಷಿಗೆ ನಾನು, ಧೈರ್ಯಕ್ಕೆ ಅವರು ಎಂದು ಇಬ್ಬರೂ ಬಸ್ಸು ಹತ್ತಿದೆವು.

ದೊಡ್ಡ ಹೋಟೆಲು. ಬಾಗಿಲಲ್ಲೇ ಕೊರಳಿಗೆ ಒಂದೊಂದು ಗುರುತಿನ ಚೀಟಿ ಹಾಕಿದರು. ಮೈಕಿನವರದರಲ್ಲಿ ಗ್ರಾಮೀಣ ಮಾಧ್ಯಮ ಪಾಲುದಾರ ಎಂಬರ್ಥದ ಇಂಗ್ಲಿಷ್ ಇತ್ತು. ಓದಿ ಹೇಳಿದೆ. ಯಾವುದರಲ್ಲಿ ಪಾಲು ಎಂದು ಬರೆದಿದ್ದಾರೆಯೇ ಎಂದು ಕೇಳಿದರು, ಬರೆದಿರಲಿಲ್ಲ. ಒಳಗೆ ಎಲ್ಲರೂ ಎಲ್ಲರಿಗೂ ವಿಸಿಟಿಂಗ್ ಕಾರ್ಡ್ ಕೊಡುತ್ತಿದ್ದರು. ಇವರ ಹತ್ತಿರ ಕಾರ್ಡ್ ಇರಲಿಲ್ಲ. ಕೊಟ್ಟದ್ದಕ್ಕೆ ಏನಾದರೂ ಕೊಡದೆ ಇರುವುದು ಹೇಗೆ ಎಂದು ಚೀಲದಿಂದ ಗುಲಾಬಿ ಬಣ್ಣದ ಕರಪತ್ರ ತೆಗೆದು ಒಬ್ಬೊಬ್ಬರಿಗೂ ಕೊಟ್ಟರು. ನರಸಿಂಹರಾಜಪುರದ ಜವಳಿ ಅಂಗಡಿಯ ಸೀರೆ ರಿಯಾಯಿತಿಯದು. ಕೋಟು ತೊಟ್ಟ ಒಬ್ಬರು ಅದನ್ನು ತಿರುಗಿಸಿ ತಿರುಗಿಸಿ ನೋಡಿ, ಬಹಳ ಧೈರ್ಯದ ವಿನ್ಯಾಸ ಎಂದು ಮೆಚ್ಚಿದರು. ಇದು ನಿಜವಾಗಿ ನಡೆಯಿತು ಎಂದು ನಾನು ಆಣೆ ಇಟ್ಟು ಹೇಳಬಲ್ಲ ಕೆಲವೇ ವಿಷಯಗಳಲ್ಲಿ ಒಂದು.

ಭಾಷಣಗಳ ಸಾರವೆಲ್ಲ ಒಂದೇ. ಇನ್ನು ಮುಂದೆ ಎಲ್ಲರಿಗೂ ಒಂದೇ ಜಾಹೀರಾತು ಎನ್ನುವ ಕಾಲ ಮುಗಿಯಿತು. ಯಾರು ನೋಡಿದರು, ಎಷ್ಟು ಹೊತ್ತು ನೋಡಿದರು, ನೋಡಿದ ಮೇಲೆ ಎಲ್ಲಿಗೆ ಹೋದರು, ಎಲ್ಲ ಯಂತ್ರಕ್ಕೆ ಗೊತ್ತಾಗುತ್ತದೆ. ಕೊಳ್ಳುವವನಿಗೆ ಮಾತ್ರ ತೋರಿಸಿದರೆ ಸಾಕು, ಕೊಳ್ಳದವನ ಮುಂದೆ ಆಡಿದ ಮಾತು ದಂಡ. ನಾನು ಮೈಕಿನವರ ಕಿವಿಯಲ್ಲಿ ಅನುವಾದಿಸುತ್ತ ಹೋದೆ. ಯಾರು ಯಾವ ಅಂಗಡಿಯ ಮುಂದೆ ಎಷ್ಟು ಹೊತ್ತು ನಿಂತರು ಎಂದು ನೋಡುವುದು ನಮ್ಮ ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಬೆಳಿಗ್ಗೆಯಿಂದ ಕೂತವರ ಕೆಲಸ, ಅದಕ್ಕೆ ಇಷ್ಟು ಯಂತ್ರ ಬೇಕಾಯಿತೇ ಎಂದು ಅವರಿಗೆ ಆಶ್ಚರ್ಯ. ಒಂದೇ ಜಾಹೀರಾತನ್ನು ಒಬ್ಬನಿಗೆ ಎಷ್ಟು ಸಲ ತೋರಿಸಬೇಕು ಎಂಬ ಚರ್ಚೆ ಬಂದಾಗ ಮಾತ್ರ ನೆಟ್ಟಗೆ ಕೂತರು. ಮೂರು ಸಲ ಎಂದು ಅವರು ನನ್ನ ಕಿವಿಯಲ್ಲಿ ಹೇಳಿದ್ದಕ್ಕೂ ವೇದಿಕೆಯವರು ಹೇಳಿದ್ದಕ್ಕೂ ಹೆಚ್ಚು ವ್ಯತ್ಯಾಸವಿರಲಿಲ್ಲ. ಆಮೇಲೆ ಊಟದವರೆಗೂ ಅವರ ಮುಖದಲ್ಲಿ ಒಂದು ಗೆಲುವಿತ್ತು. ಊಟ ಎಲ್ಲರಿಗೂ ನಿಂತೇ, ಕೂರಲು ಜಾಗವಿಲ್ಲ ಎಂದು ಅದೂ ಹೋಯಿತು.

ಮಧ್ಯಾಹ್ನ ಪ್ರಶ್ನೆ ಕೇಳಬಹುದು ಎಂದರು. ಇವರು ಎದ್ದು ನಿಂತರು. ಯಾರೋ ಮೈಕ್ ತಂದುಕೊಟ್ಟರು. ಮೈಕ್ ಕೈಗೆ ಬಂದೊಡನೆ ಮನುಷ್ಯನೇ ಬೇರೆಯಾದ ಹಾಗೆ ಆಯಿತು, ಅಷ್ಟು ಹೊತ್ತು ಮುದುಡಿ ಕೂತಿದ್ದ ಬೆನ್ನು ನೆಟ್ಟಗಾಯಿತು.

"ನಿಮ್ಮ ಯಂತ್ರಕ್ಕೆ ಒಂದು ಮನೇಲಿ ಸಾವಾಗಿದೆ ಅಂತ ಗೊತ್ತಾಗ್ತದಾ? ಗೊತ್ತಾದ್ರೆ ಅಷ್ಟು ದಿನ ಸುಮ್ಮನಿರ್ತದಾ?"

ನಾನು ಇಂಗ್ಲಿಷಿನಲ್ಲಿ ಹೇಳಿದೆ. ವೇದಿಕೆಯ ಮೇಲಿದ್ದವರು ಬಹಳ ಒಳ್ಳೆಯ ಪ್ರಶ್ನೆ, ಸದ್ಯಕ್ಕೆ ಗೊತ್ತಾಗುವುದಿಲ್ಲ ಎಂದರು. ಮೈಕಿನವರು ಪರವಾಗಿಲ್ಲ, ನಿಧಾನಕ್ಕೆ ಕಲೀತದೆ ಎಂದು ಸಮಾಧಾನ ಹೇಳಿ ಕೂತರು. ಅದನ್ನು ನಾನು ಅನುವಾದ ಮಾಡಲಿಲ್ಲ.

ನಗಲು ಇಷ್ಟೆಲ್ಲ ಇದ್ದರೂ, ಬರುವಾಗ ಬಸ್ಸಿನಲ್ಲಿ ನನ್ನ ತಲೆ ತುಂಬ ಆ ಗ್ರಾಫುಗಳೇ. ಎಲ್ಲವನ್ನೂ ಅನುಮಾನಿಸುವ ನಾನು ಅವುಗಳನ್ನು ಅನುಮಾನಿಸಲಿಲ್ಲ, ಏಕೆಂದರೆ ಅವು ನನ್ನ ಭಾಷೆಯಲ್ಲಿದ್ದವು. ಕೊಳ್ಳುವವರಿಗೆ ಮಾತ್ರ ಹೇಳುವುದಾದರೆ ನಮ್ಮಲ್ಲಿ ಯಂತ್ರ ಬೇಡ, ಮೈಕಿನವರ ತಲೆಯೇ ಸಾಕಲ್ಲ ಎಂದು ಹೊಳೆಯಿತು. ಯಾರಿಗೆ ಎಷ್ಟು ತೋಟ, ಯಾರ ಮನೆಯಲ್ಲಿ ಆಳಿಗೆ ಕಷ್ಟ, ಯಾರು ಹೊಸ ಮಿಷನ್ ಎಂದರೆ ಪ್ರಾಣ ಬಿಡುವವರು, ಎಲ್ಲ ಅವರಿಗೆ ಗೊತ್ತು. ಡೆಮೊಗೆ ಆಟೋದಲ್ಲಿ ಕೂಗುವ ಬದಲು ಪಟ್ಟಿ ಮಾಡಿ, ಆಯ್ದ ಮನೆಗಳಿಗೆ ಮಾತ್ರ ಹೋಗಿ ಹೇಳೋಣ. ಮ್ಯಾನೇಜರ್ ನೋಡಿ ಬೆರಗಾಗಬೇಕು. ಹೊಸ ಕಾಲ ನಮ್ಮ ಹತ್ತಿರವೇ ಇದೆ ಎಂದು ಅವನಿಗೆ ತೋರಿಸಿಬಿಡೋಣ.

ನನ್ನ ನೆನಪಿನಲ್ಲಿ ಮೈಕಿನವರಿಗೂ ಈ ಯೋಚನೆ ಹಿಡಿಸಿತ್ತು. ಹಾಗೆ ನೆನಪಿಟ್ಟುಕೊಳ್ಳುವುದು ನನಗೆ ಅನುಕೂಲ ಎಂಬುದೂ ಗೊತ್ತಿದೆ. ಮನೆ ಬಿಟ್ಟು ಮನೆಗೆ ಹೋಗುವುದು ಸರಿಯಾಗುತ್ತದೆಯೇ ಎಂದು ಒಮ್ಮೆ ಕೇಳಿದ್ದರು ಅನ್ನಿಸುತ್ತದೆ. ಇದೇನು ಮದುವೆ ಕರೆಯಲ್ಲವಲ್ಲ ಎಂದು ನಾನು ಉತ್ತರಿಸಿದ್ದೆ ಅಂತಲೂ ಅನ್ನಿಸುತ್ತದೆ.

ಎರಡು ಊರು ಆರಿಸಿಕೊಂಡೆವು, ಸೀತೂರು ಮತ್ತು ಕಡಹಿನಬೈಲು. ಅವರು ಹೇಳುತ್ತ ಹೋದರು, ನಾನು ಬರೆಯುತ್ತ ಹೋದೆ. ತೋಟ ಇದ್ದವರು, ದುಡಿಯುವ ಮಗ ಮನೆಯಲ್ಲಿದ್ದವರು ಉಳಿದರು. ಬರೀ ಗದ್ದೆಯವರು, ವಯಸ್ಸಾದವರು, ಕೂಲಿಯವರು ಪಟ್ಟಿಯಿಂದ ಹೊರಗೆ. ಮೈಕ್ ಇಲ್ಲದೆ, ಒಗೆದ ಅಂಗಿ ಹಾಕಿಕೊಂಡು, ಇಬ್ಬರೂ ಮನೆಮನೆಗೆ ಹೋಗಿ ಹೇಳಿ ಬಂದೆವು. ಎಲ್ಲರೂ ಬರುತ್ತೇವೆ ಎಂದರು. ನಾನು ಲೆಕ್ಕ ಹಾಕಿ, ನೂರಕ್ಕೆ ತೊಂಬತ್ತು ಬರುತ್ತಾರೆ ಎಂದೆ.

ಎರಡು ದಿನ ಕಳೆದು, ಡೆಮೊಗೆ ಇನ್ನು ಮೂರು ದಿನ ಇದ್ದಾಗ, ಬೇರೆ ಯಾವುದೋ ಕೂಗಿಗೆ ಕಡಹಿನಬೈಲಿಗೆ ಹೋದೆವು. ಡೈರಿಯ ಮುಂದೆ ಆಟೋ ನಿಲ್ಲಿಸಿ ಎಂದಿನಂತೆ ವಿಚಾರಿಸಿದರೆ ಯಾರೂ ಸರಿಯಾಗಿ ಮಾತಾಡಲಿಲ್ಲ. ಪಟ್ಟಿಯಲ್ಲಿದ್ದ ಒಬ್ಬರು ಸಿಕ್ಕಿ, ಆ ದಿನ ಸ್ವಲ್ಪ ಬೇರೆ ಕೆಲಸ ಇದೆ, ಬರಲಾಗುವುದಿಲ್ಲ ಎಂದರು. ಇನ್ನೊಬ್ಬರಿಗೂ ಅದೇ ದಿನ ಬೇರೆ ಕೆಲಸ. ಮೂರನೆಯವರು ಹೇಳುವ ಮೊದಲೇ ಮೈಕಿನವರಿಗೆ ಅರ್ಥವಾಯಿತು, ನನಗೆ ಆಗಲಿಲ್ಲ. ಮುಂದೆ ಹೋಗುವಾಗ ಒಂದು ಮನೆಯ ಜಗಲಿಯಿಂದ ಒಬ್ಬ ಅಜ್ಜಿ ಕೈಯೆತ್ತಿ ಆಟೋ ನಿಲ್ಲಿಸಿದರು. ನಮ್ಮ ಪಟ್ಟಿಯಲ್ಲಿ ಇಲ್ಲದ ಮನೆ. ಎರಡು ತುಂಡು ಗದ್ದೆ ಬಿಟ್ಟರೆ ಅವರಿಗೆ ಬೇರೇನೂ ಇರಲಿಲ್ಲ.

"ಎಂತ ಮಾರಾಯ, ಮೊನ್ನೆ ಆಚೆ ಮನೆಗೂ ಬಂದ್ಯಂತೆ, ಈಚೆ ಮನೆಗೂ ಬಂದ್ಯಂತೆ. ನಮ್ಮನೆ ರಸ್ತೆಗೆ ಕಾಣ್ಲಿಲ್ವ?"

ಮೈಕಿನವರು ಆಟೋದಿಂದ ಇಳಿದು ನಿಂತರು.

"ಮಿಷನ್ ತಗಳ್ಳೋದು ಬಿಡೋದು ಆಮೇಲಿನ ಮಾತು. ನೋಡ್ಲಿಕ್ಕೂ ನಾವು ಲಾಯಕ್ಕಿಲ್ಲ ಅಂತ ನಿಂಗೆ ಹೇಳಿದ್ದು ಯಾರು?"

ನಮ್ಮ ಕಡೆ ಕರೆಯುವುದಕ್ಕೆ ಒಂದು ಕ್ರಮವಿದೆ. ಪೂಜೆಯೋ ಮದುವೆಯೋ, ಒಂದು ಕೇರಿಗೆ ಕಾಲಿಟ್ಟ ಮೇಲೆ ಸಾಲಿನ ಎಲ್ಲ ಮನೆಗೂ ಹೋಗಬೇಕು. ಬಾಗಿಲು ಹಾಕಿದ್ದರೆ ಪಕ್ಕದ ಮನೆಯಲ್ಲಿ ಹೇಳಿ ಹೋಗಬೇಕು. ನಡುವೆ ಒಂದು ಮನೆ ಬಿಟ್ಟರೆ ಅವರಿಗೂ ನಿಮಗೂ ಮಾತು ಬಿಟ್ಟಿದೆ ಎಂದು ಅರ್ಥ. ಕರೆಸಿಕೊಂಡವರಿಗೂ ಅದು ಕಷ್ಟವೇ. ಪಕ್ಕದವರನ್ನು ಬಿಟ್ಟು ಕರೆದ ಜಾಗಕ್ಕೆ ಹೋದರೆ, ಬಿಡಿಸಿದ್ದು ನೀವೇ ಎಂದಾಗುತ್ತದೆ. ಹಾಗಾಗಿ ಯಾರೂ ಹೋಗುವುದಿಲ್ಲ. ಇದೆಲ್ಲ ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು, ನಾನೂ ಈ ಕಡೆಯವನೇ. ಆದರೆ ಪಟ್ಟಿ ಬರೆಯುವಾಗ ನಾನು ಬೇರೆ ಎಲ್ಲೋ ಕೂತು ಬರೆದಿದ್ದೆ.

ಕೊಪ್ಪಕ್ಕೆ ವಾಪಸು ಬರುವಾಗ ನಾನು ತಪ್ಪೊಪ್ಪಿಕೊಳ್ಳಲು ಹೊರಟರೆ ಕೈಯಲ್ಲೇ ಸುಮ್ಮನಿರು ಎಂದರು. ಒಪ್ಪಂದ ಹೋದರೆ ಏನು ಮಾಡುತ್ತೀರಿ ಎಂದು ಕೇಳಿದೆ. ಆಟೋದ ಹಾರ್ನ್ ತೆಗೆದು ಜನ ಹತ್ತಿಸುವುದು, ಮತ್ತೆಂತ, ಎಂದರು. ಸ್ವಲ್ಪ ದೂರ ಹೋದ ಮೇಲೆ, ಅದಲ್ಲ ದೊಡ್ಡದು, ಆ ಅಜ್ಜಿ ಕೇಳಿದ್ದಕ್ಕೆ ಉತ್ತರ ಇಲ್ಲವಲ್ಲ ಎಂದರು.

ಮರುದಿನ ಬೆಳಿಗ್ಗೆ ಹಾರ್ನ್ ಎರಡನ್ನೂ ಒರೆಸಿ ಕಟ್ಟಿದರು. ನಾನು ಬರೆದುಕೊಡಲೇ ಎಂದೆ, ಬೇಡ ಎಂದರು. ಕಡಹಿನಬೈಲಿನ ಮೊದಲ ಮನೆಯ ಹತ್ತಿರ ಬಸ್ಸಿನ ಸುದ್ದಿಯನ್ನೂ ಹೇಳದೆ ನೇರ ಶುರು ಮಾಡಿದರು. ಆ ಮಾತುಗಳನ್ನು ನಾನು ಆಗಲೇ ಚೀಟಿಯಲ್ಲಿ ಗೀಚಿಕೊಂಡಿದ್ದೆ, ಆದ್ದರಿಂದ ಇಲ್ಲಿ ನೆನಪನ್ನು ನಂಬಬೇಕಾಗಿಲ್ಲ.

"ನಾನು ಮೈಕಿನವ. ಮೊನ್ನೆ ಕೆಲವು ಮನೆಗೆ ಮಾತ್ರ ಬಂದು ಹೇಳಿ, ಕೆಲವು ಮನೆ ಬಿಟ್ಟು ಹೋಗಿದ್ದೇನೆ. ಕಂಪನಿಯವ್ರು ಬಿಡು ಅಂದಿದ್ದಲ್ಲ, ಬಿಟ್ಟದ್ದು ನಾನು. ಹೊಸತು ಕಲಿತು ಬಂದೆ ಅಂತ ಗರ್ವ ಬಂದಿತ್ತು, ಈಗ ಇಳಿದಿದೆ. ನಾಡಿದ್ದು ಎನ್.ಆರ್. ಪುರದಲ್ಲಿ ಮಿಷನ್ ತೋರಿಸ್ತಾರೆ. ತೋಟ ಇದ್ದವರು, ಇಲ್ಲದವರು, ತಗಳ್ಳುವವರು, ತಗಳ್ಳದವರು, ಎಲ್ಲರೂ ಬನ್ನಿ. ಬಂದು ಬೈದ್ರೂ ಅಡ್ಡಿಲ್ಲ."

ಇಷ್ಟನ್ನೇ ಕಡಹಿನಬೈಲಿನಲ್ಲಿ ಮೂರು ಸುತ್ತು, ಸೀತೂರಿನಲ್ಲಿ ಮೂರು ಸುತ್ತು. ತಪ್ಪಿನಲ್ಲಿ ನನ್ನ ಪಾಲನ್ನು ಎಲ್ಲಿಯೂ ಹೇಳಲಿಲ್ಲ. ಹಿಂದಿನ ಸೀಟಿನಲ್ಲಿ ಕೂತು ನಾನು ಕರಪತ್ರ ಹಂಚುತ್ತಿದ್ದೆ, ಜನ ನನ್ನ ಮುಖ ನೋಡಿ ನಗುತ್ತಿದ್ದರು. ಅವರಿಗೆ ಗೊತ್ತಿತ್ತೋ ಏನೋ.

ಡೆಮೊದ ದಿನ ಪೇಟೆಯಾಚೆಯ ಖಾಲಿ ಜಾಗಕ್ಕೆ ಮ್ಯಾನೇಜರ್ ನಮಗಿಂತ ಮೊದಲೇ ಬಂದು ನಿಂತಿದ್ದ. ಹತ್ತು ಗಂಟೆಗೆ ಏಳು ಜನ. ಮೈಕಿನವರು ಆಟೋದ ಹಿಂದೆ ನಿಂತು ಎಲೆಯಡಿಕೆ ಹಾಕಿಕೊಂಡರು, ಅವರು ಕೆಲಸದ ಹೊತ್ತಿನಲ್ಲಿ ಎಲೆ ಹಾಕುವವರಲ್ಲ. ಹತ್ತೂವರೆಯ ಬಸ್ಸು ಬಂತು. ಆಮೇಲೆ ಜೀಪುಗಳು, ಒಂದು ಟ್ರ್ಯಾಕ್ಟರು. ಪಟ್ಟಿಯವರು, ಪಟ್ಟಿಯಲ್ಲಿಲ್ಲದವರು, ಹೆಂಗಸರು, ಒಬ್ಬ ದರ್ಜಿ, ಇಬ್ಬರು ಗಾರೆ ಕೆಲಸದವರು. ಮಿಷನ್‌ಗೂ ತಮಗೂ ಸಂಬಂಧವೇ ಇಲ್ಲದವರು ಬಂದು ಮುಂದೆ ನಿಂತರು. ಅಜ್ಜಿಯೂ ಬಂದಿದ್ದರು. ಯಂತ್ರದ ಸದ್ದು ಕೇಳಿ, ಇದಕ್ಕೆ ನಿನ್ನ ಮೈಕೇ ವಾಸಿ ಎಂದು ಮೈಕಿನವರಿಗೆ ಹೇಳಿ ನೆರಳಿಗೆ ಹೋದರು. ಮ್ಯಾನೇಜರ್ ತಲೆ ಎಣಿಸಲು ಶುರು ಮಾಡಿ, ಎಪ್ಪತ್ತು ದಾಟಿದ ಮೇಲೆ ಎಲ್ಲೋ ತಪ್ಪಿ, ಬಿಟ್ಟುಬಿಟ್ಟ.

ಆದರೂ ಅವನ ಮುಖ ಪೂರ್ತಿ ಅರಳಿರಲಿಲ್ಲ. ಜನ ಸರಿ, ಕೊಳ್ಳುವವರು ಯಾರು ಎಂದು ನನ್ನನ್ನೇ ಕೇಳಿದ. ಅಷ್ಟರಲ್ಲಿ ಗುಂಪಿನಿಂದ ಒಬ್ಬರು ಮುಂದೆ ಬಂದು ಮಿಷನ್ ಹೆಗಲಿಗೆ ಹಾಕಿಕೊಂಡು ನೋಡಬಹುದೇ ಎಂದು ಕೇಳಿದರು. ಸೀತೂರಿನವರು, ಕತ್ತಿ ಹಿಡಿದು ತೋಟ ತೋಟಕ್ಕೆ ಹೋಗಿ ಗುತ್ತಿಗೆಯ ಮೇಲೆ ಕಳೆ ಸವರುವವರು. ಒಂದು ಮಾರು ಜಾಗ ಹೊಡೆದರು. ನಿಲ್ಲಿಸಿ, ಬ್ಲೇಡು ಎಷ್ಟು ದಿನ ಬರುತ್ತದೆ, ಕಲ್ಲಿಗೆ ತಾಗಿದರೆ ಏನಾಗುತ್ತದೆ, ಬೆನ್ನು ನೋಯುತ್ತದೆಯೇ, ರಿಪೇರಿಗೆ ಎಲ್ಲಿಗೆ ಹೋಗಬೇಕು ಎಂದು ಕೇಳಿದರು. ಆ ದಿನ ಕೆಲಸಕ್ಕೆ ಬರುವ ಪ್ರಶ್ನೆ ಕೇಳಿದವರು ಅವರೊಬ್ಬರೇ. ಆಚೆ ಹೋಗಿ ತಮ್ಮ ಇಬ್ಬರು ಜೊತೆಗಾರರ ಹತ್ತಿರ ಮಾತಾಡಿ ಬಂದು, ಮೂವರೂ ಸೇರಿ ಒಂದು ತೆಗೆದುಕೊಳ್ಳುತ್ತೇವೆ ಎಂದರು. ಪಟ್ಟಿಯಲ್ಲಿದ್ದ ದೊಡ್ಡ ತೋಟದವರು ಅವರ ಹಿಂದೆ ನಿಂತು, ನಮ್ಮಲ್ಲಿಗೆ ಮೊದಲು ಬಾ, ಇಲ್ಲ ನಮ್ಮಲ್ಲಿಗೆ ಎಂದು ದಿನ ಗೊತ್ತು ಮಾಡಿಕೊಳ್ಳತೊಡಗಿದರು. ಅವರಲ್ಲಿ ಯಾರಿಗೂ ಮಿಷನ್ ಬೇಕಿರಲಿಲ್ಲ, ಹೊಡೆಯುವವರು ಬೇಕಿತ್ತು.

ನಾನು ಜೇಬಿನಿಂದ ಪಟ್ಟಿ ತೆಗೆದು ನೋಡಿದೆ. ಕಳೆಯ ಯಂತ್ರಕ್ಕೆ ಗಿರಾಕಿ ಹುಡುಕಲು ಹೊರಟು, ಕಳೆ ತೆಗೆಯುವುದೇ ಕಸುಬಾದ ಮನುಷ್ಯನನ್ನು ಕೂಲಿಯವರು ಎಂದು ಹೊಡೆದುಹಾಕಿದ್ದೆ. ಅಕ್ಷರ ನನ್ನದೇ.

ಮ್ಯಾನೇಜರ್ ಹತ್ತಿರ ಬಂದು, ನನ್ನ ಕೈಯಲ್ಲಿದ್ದ ಪಟ್ಟಿ ನೋಡಿ, ಈ ಮೂವರು ನಿಮ್ಮ ಯಾವ ಪಟ್ಟಿಯಲ್ಲಿದ್ದರು ಎಂದು ಕೇಳಿದ.

"ಯಾವ ಪಟ್ಟೀಲೂ ಇರ್ಲಿಲ್ಲ ಸರ್" ಎಂದರು ಮೈಕಿನವರು. "ಕೂಗಿದ್ದು ಕೇಳಿ ಬಂದದ್ದು."

ಅವನು ಮೊಬೈಲು ಹಿಡಿದುಕೊಂಡು ಸಿಗ್ನಲ್ ಸಿಗುವ ಕಡೆ, ದಿಬ್ಬದ ಮೇಲೆ, ಹೋದ. ಇಳಿದು ಬಂದು ಮುಂದಿನ ವರ್ಷಕ್ಕೂ ಆಟೋ ಇರುತ್ತದೆ, ಸಂದೇಶವನ್ನೂ ಕಳಿಸುತ್ತೇವೆ, ಎರಡೂ ಇರಲಿ ಎಂದ. ಇರಲಿ, ಅದೂ ಬದುಕಲಿ ಎಂದರು ಮೈಕಿನವರು. ಆಮೇಲೆ ಮತ್ತೆರಡು ವರ್ಷ ಆ ಕೆಲಸ ನಡೆಯಿತು, ನಿಲ್ಲಿಸಿದ್ದು ಕಂಪನಿಯಲ್ಲ, ಗಂಟಲು.

ಆ ಮಧ್ಯಾಹ್ನ ನೇರ ಕೊಪ್ಪಕ್ಕೆ ಹೋಗುವುದು ಬಿಟ್ಟು ಆಟೋವನ್ನು ಕಡಹಿನಬೈಲಿನ ಕಡೆ ತಿರುಗಿಸಿದರು. ಬಿಟ್ಟ ಮನೆಗಳಿಗೆ ಮೈಕಿನಲ್ಲಿ ಹೇಳಿದ್ದಾಯಿತು, ಕಾಲಿಟ್ಟು ಹೇಳಿಲ್ಲ ಎಂದರು. ಮೊದಲು ಅಜ್ಜಿಯ ಮನೆ. ಅವರು ಬಸ್ಸಿಳಿದು ಆಗಷ್ಟೇ ಬಂದಿದ್ದರು, ಕೈಕಾಲು ತೊಳೆಯುತ್ತಿದ್ದರು. ಕೆಲಸ ಉಳಿಯಿತೇ ಎಂದು ಕೇಳಿದರು. ಉಳಿಯಿತು ಎಂದು ಮೈಕಿನವರು ಹೇಳುವ ಮುಂಚೆಯೇ ಒಲೆಯ ಮೇಲೆ ನೀರಿಟ್ಟಾಗಿತ್ತು. ಅಲ್ಲಿ ಕಾಫಿ ಕುಡಿದ ಮೇಲೆ ಮುಂದಿನ ಮನೆಯಲ್ಲಿ ಬೇಡ ಎನ್ನುವಂತಿರಲಿಲ್ಲ, ಅಲ್ಲಿ ಕುಡಿದ ಮೇಲೆ ಅದರ ಮುಂದಿನದರಲ್ಲಿ. ಸೀತೂರು ಮುಗಿಯುವ ಹೊತ್ತಿಗೆ ಇಬ್ಬರಿಗೂ ಕೂರಲು ಆಗುತ್ತಿರಲಿಲ್ಲ, ನಿಲ್ಲಲು ಆಗುತ್ತಿರಲಿಲ್ಲ. ನನ್ನ ಲೆಕ್ಕದಲ್ಲಿ ಹನ್ನೊಂದು ಲೋಟ ಕಾಫಿ. ಅವರು ಒಂಬತ್ತು ಎನ್ನುತ್ತಾರೆ, ಎರಡು ಕಡೆ ಮಜ್ಜಿಗೆಯಂತೆ.